ತಕ್ಕದ್ದು

ಮೂವತ್ತೊಂದು ವರ್ಷದಿಂದ ನಾನು ಬರೆಯುತ್ತಿರುವುದು ಒಂದೇ ಕ್ರಿಯಾಪದ:
ಕೊಡತಕ್ಕದ್ದು. ಬಿಡತಕ್ಕದ್ದು. ಭರಿಸತಕ್ಕದ್ದು.
ಶಿವಮೊಗ್ಗದ ನೋಂದಣಿ ಕಚೇರಿ ಎದುರು, ಜೆರಾಕ್ಸ್ ಅಂಗಡಿಯ ಮಗ್ಗುಲಲ್ಲಿ
ಒಂದು ಮೇಜು, ಎರಡು ಸ್ಟೂಲು,
ಹೆಬ್ಬೆಟ್ಟಿನ ನೀಲಿ ಒರೆಸಲು ಹಳೆ ಬನಿಯನ್ನಿನ ತುಂಡು.

ಇವತ್ತು ಬಂದದ್ದು ದುರ್ಗಿಗುಡಿಯ ಮಳಿಗೆ.
ಒಂಬತ್ತಡಿ ಅಗಲ, ಹದಿನಾಲ್ಕಡಿ ಉದ್ದ.
ಪೂರ್ವಕ್ಕೆ ಓಣಿ, ಪಶ್ಚಿಮಕ್ಕೆ ಇದೇ ಮಾಲೀಕರ ಗೋಡೆ,
ಉತ್ತರಕ್ಕೆ ಬಳೆ ಅಂಗಡಿಯ ಗೋದಾಮು, ದಕ್ಷಿಣಕ್ಕೆ ರಸ್ತೆ.
ಚೆಕ್ಕುಬಂದಿ ಸಲೀಸು. ದಿಕ್ಕುಗಳಿಗೆ ತಕರಾರಿಲ್ಲ.

ಮಾಲೀಕರು ಹಾಲಸಿದ್ದಪ್ಪ,
ಕಾಗದದ ಕಾರ್ಖಾನೆಯಲ್ಲೇ ಆಯಸ್ಸು ಸವೆಸಿ
ಕಾಗದವೆಂದರೆ ಹೆದರುವವರು.
ಬಾಡಿಗೆಗೆ ಬಂದವಳು ತಬಸ್ಸುಮ್, ಕನ್ನಡಕದಂಗಡಿ ಇಡುವವಳು.
ಮಸೂರದ ಪೆಟ್ಟಿಗೆ ಮಡಿಲಲ್ಲೇ. ಆಟೊದಲ್ಲಿ ಬಿಟ್ಟುಬರಲು ಧೈರ್ಯವಿಲ್ಲವಂತೆ.

"ಹನ್ನೊಂದು ತಿಂಗಳಿಗೆ ಬರೀರಿ" ಅಂದರು ಅವರು,
ಊರೆಲ್ಲ ಅನ್ನುವ ಹಾಗೆ.
ಮೀರಿದರೆ ನೋಂದಣಿ, ಛಾಪಾ ಶುಲ್ಕ, ಒಳಗೆ ಫೋಟೊಕ್ಕೆ ಸಾಲು.
ನನ್ನ ಪತ್ರಗಳಲ್ಲಿ ವರ್ಷಕ್ಕೆ ಹನ್ನೊಂದೇ ತಿಂಗಳು;
ಆ ಹನ್ನೆರಡನೆಯದು ಯಾರ ಜಗಲಿಯಲ್ಲಿ ಕಾಲ ಹಾಕುತ್ತದೋ.

"ಐದು ವರ್ಷ" ಅಂದಳು ಅವಳು. "ಛಾಪಾ ಖರ್ಚು ನಂದು.
ಮೂರು ಗೋಡೆಗೂ ಕನ್ನಡಿ ಹೊಡಿಸ್ತೀನಿ.
ಹನ್ನೊಂದು ತಿಂಗಳಿಗೆ ಯಾರು ಕನ್ನಡಿ ಹೊಡಿಸ್ತಾರೆ ಸಾರ್?"

ಆಮೇಲೆ ಜಿಎಸ್‌ಟಿ. ಅವರಿಗೆ ನಂಬರಿಲ್ಲ, ಅವಳಿಗಿದೆ.
ಬಾಡಿಗೆ ಕೊಡುವವಳೇ
ಬಾಡಿಗೆ ಮೇಲಿನ ತೆರಿಗೆಯನ್ನೂ ಕಟ್ಟುವ ತಿರುಗಾಮುರುಗಾ.
"ಅದರಲ್ಲಿ ನಂಗೇನೂ ಬರಲ್ವ?"
"ಇಲ್ಲ ಅಜ್ಜ, ಸರ್ಕಾರಕ್ಕೆ."
"ಗೋಡೆ ನಂದಲ್ವ ತಾಯಿ?"

ಉಳಿದದ್ದು ಪಾಲಿಕೆಯ ಕಂದಾಯ.
"ಹಳೇ ಪತ್ರದಲ್ಲಿ ಹೇಗಿದೆಯೋ ಹಾಗೇ ಬರ್ದುಬಿಡಿ."
ಜೇಬಿಂದ ತೆಗೆದರು. ಮಡಿಕೆಯಲ್ಲಿ ಹರಿದ ಹಾಳೆ,
ನನ್ನದೇ ಅಕ್ಷರ.
ರೇಡಿಯೊ ರಿಪೇರಿಯ ಐತಾಳರಿಗೆ ಬರೆದುಕೊಟ್ಟದ್ದು:
ಸದರಿ ಸ್ವತ್ತಿನ ಸಕಲ ತೆರಿಗೆಗಳನ್ನು ಬಾಡಿಗೆದಾರರೇ ಭರಿಸತಕ್ಕದ್ದು.
ಕೊನೆ ಪುಟದ ಬುಡದಲ್ಲಿ, ಜಾಗ ಸಾಲದೆ, ಇರುವೆಯ ಹಾಗೆ.
ಯಾರೂ ಹೇಳಿರಲಿಲ್ಲ ನನಗೆ ಹಾಗೆ ಬರೆ ಅಂತ.
ರೂಢಿ. ಕೈ ತಾನೇ ಬರೆಯಿತು.

ಹದಿನೇಳು ವರ್ಷ ಕಟ್ಟಿದರು ಐತಾಳರು.
ಹದಿನೇಳು ರಸೀದಿ, ವಾಲ್ವುಗಳ ತಗಡಿನ ಡಬ್ಬಿಯಲ್ಲಿ,
ಹದಿನೇಳರ ಮೇಲೂ ಹಾಲಸಿದ್ದಪ್ಪನವರ ಹೆಸರು.
ಮಳಿಗೆ ಬಿಟ್ಟ ದಿನ ಡಬ್ಬಿ ಇದೇ ಮೇಜಿನ ಮೇಲಿಟ್ಟು ಕೇಳಿದ್ದರು,
"ಇದರಿಂದ ನಂಗೇನಾದ್ರೂ ಉಂಟಾ ಸ್ವಾಮಿ?"
ನಾನು ಚಹಾ ತರಿಸಿದ್ದೆ.

ತಬಸ್ಸುಮ್ ಆ ಸಾಲಿನ ಕೆಳಗೆ ಉಗುರಿಟ್ಟಳು.
"ಇದನ್ನ ಓದಿದ್ದೀರಾ ಅಜ್ಜ?"
"ಕಂಡ್ರೆ ತಾನೆ."
ಪೆಟ್ಟಿಗೆ ತೆರೆದಳು. ಉಕ್ಕಿನ ಚೌಕಟ್ಟು ಅವರ ಮೂಗಿಗೇರಿಸಿ
ಒಂದು ಮಸೂರ ಇಟ್ಟಳು, ತೆಗೆದಳು, ಇನ್ನೊಂದು.
ಈಗ? ಇಲ್ಲ. ಈಗ?
ಕಚೇರಿ ಮುಂದಿನ ಕ್ಯೂ ಇತ್ತ ತಿರುಗಿತು.
ಮಗ್ಗಿ ಒಪ್ಪಿಸುವ ಹುಡುಗನಂತೆ ಓದಿದರು:
ಬಾಡಿ, ಬಾಡಿಗೆ, ಬಾಡಿಗೆದಾರರೇ,
ಅಲ್ಲಿಗೆ ನಿಂತರು.

"ಐತಾಳ ಕಟ್ತಿದ್ನಾ?
ನಾನು ಪಾಲಿಕೆಯೋರು ಮರ್ತಿದ್ದಾರೆ ಅಂದ್ಕೊಂಡಿದ್ದೆ."

ಕ್ಯೂನಲ್ಲಿ ಯಾರೋ ನಕ್ಕರು. ಅವಳು ನಗಲಿಲ್ಲ.
"ಬಾಡಿಗೆ ಮುನ್ನೂರು ಜಾಸ್ತಿ ತಗೊಳ್ಳಿ.
ರಸೀದಿಲಿ ಹೆಸರಿರೋರು ಕಂದಾಯ ಕಟ್ಲಿ."
ಅವರು ಬಹಳ ಹೊತ್ತು ಬೆರಳು ಮಡಿಸಿದರು, ಬಿಚ್ಚಿದರು.
"ನಾನೂರು."
"ಮುನ್ನೂರೈವತ್ತು."
"ಬರೀರಿ."

ಬರೆದೆ. ಮಾಲೀಕರೇ ಭರಿಸ
ಪೆನ್ನು ತಡೆಯಿತು.
ತಕ್ಕದ್ದು. ಯಾರಿಗೆ ತಕ್ಕದ್ದು, ಯಾವ ತಕ್ಕಡಿಯಲ್ಲಿ,
ಇಷ್ಟು ಕಾಲ ತೂಗದೇ ಕಟ್ಟಿಕೊಟ್ಟೆನಲ್ಲ ಪೊಟ್ಟಣ.
ಭರಿಸುತ್ತಾರೆ, ಎಂದಷ್ಟೇ ಬರೆದು ಒಳಗೆ ಕಳಿಸಿದೆ.

ಹತ್ತು ನಿಮಿಷಕ್ಕೆ ವಾಪಸು ಬಂತು. "ಏನ್ರೀ ಇದು,
ಕತೆ ಬರ್ದಿದ್ದೀರಾ?" ಅಂದ ಗುಮಾಸ್ತ.
ತಿದ್ದಿಕೊಟ್ಟೆ.

ಸಂಜೆ ಮೇಜು ಒರೆಸುವಾಗ
ಐತಾಳರ ಫೋನ್ ನಂಬರು ಹುಡುಕಿದೆ. ಹಳೇ ಡೈರಿಯಲ್ಲಿ ಸಿಕ್ಕಿತು,
ಆರೇ ಅಂಕಿ.